ಎರಡನೆಯ ಗಡದ ಹಟ

ಪುಣೆಯ ನೈಋತ್ಯಕ್ಕಿರುವ ತೋರಣಾ ಹಾಗೂ ರಾಜಗಡಗಳನ್ನು ಒಂದೇ ದಿನದಲ್ಲಿ ನಡೆದು ಮುಗಿಸುವುದು, ವಾರವಿಡೀ ಕುರ್ಚಿಗಂಟಿ ಕುಳಿತಿರುವ ನಮ್ಮಂಥವರಿಗೂ ಈಗ ಪ್ರತಿಷ್ಠೆಯ ವಿಷಯವಾಗಿದೆ. ವೆಲ್ಹೆ ಗ್ರಾಮದಿಂದ 1,403 ಮೀಟರ್ ಎತ್ತರದ ತೋರಣೆಯನ್ನೇರುವಷ್ಟರಲ್ಲಿಯೇ ಬೆಳಗಿನ ಕಸುವು ಕರಗುತ್ತದೆ. ಬುಧಲಾ ಮಾಚಿಯನ್ನಿಳಿದರೆ, ರಾಯಗಡಕ್ಕೂ ಮೊದಲು ಶಿವಾಜಿ ಮಹಾರಾಜರ ರಾಜಧಾನಿಯಾಗಿದ್ದ ರಾಜಗಡದವರೆಗೆ ಬೆಟ್ಟದ ಬೆನ್ನಿನ ಮೇಲಿನ ದೀರ್ಘ ಹಾದಿ. ನೆರಳು ವಿರಳ, ನೀರನ್ನು ಹೊತ್ತೇ ಸಾಗಬೇಕು.

ಹೋದ ಜನವರಿಯಲ್ಲಿ ಅಲ್ಲಿಯೇ, ಐವತ್ತರ ಸಮೀಪದ ಮಿತ್ರರೊಬ್ಬರು ತಲೆಸುತ್ತಿ ಕುಳಿತರು. “ಗಡ ಕಣ್ಣೆದುರಿಗೇ ಇದೆಯಲ್ಲ ರಾಯರೇ, ಏಳಿ” ಎಂದು ಹುರಿದುಂಬಿಸಿದವರಲ್ಲಿ ನಾನೂ ಒಬ್ಬ. ಸಾಲ ಕೊಡುವಾಗ ನೂರು ಪ್ರಶ್ನೆ ಕೇಳುವ ನಾನು, ಎಷ್ಟು ನೀರು ಕುಡಿದಿರೆಂದು ಕೇಳಲಿಲ್ಲ. ಬೆಳಗಿನಿಂದ ಅವರು ಮೂತ್ರವಿಸರ್ಜನೆಗೇ ಹೋಗಿರಲಿಲ್ಲ! ನೆರಳಿನಲ್ಲಿ ಮಲಗಿಸಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿ, ಚೇತರಿಸಿಕೊಂಡ ಬಳಿಕ ಸಮೀಪದ ಹಳ್ಳಿಗೆ ಮೆಲ್ಲನೆ ಇಳಿಸಿದೆವು.

ಸಂಘದ ಚಾರಣಗಳಲ್ಲಿ ಎರಡನೆಯ ಶಿಖರವನ್ನು ಐಚ್ಛಿಕವಾಗಿಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಿಂದಿರುಗುವ ಗಂಟೆಯನ್ನು ಹೊರಡುವ ಮುನ್ನವೇ ಗೊತ್ತುಪಡಿಸಬೇಕು. ಏಕೆಂದರೆ ಮೊಣಕಾಲನ್ನು ನಿಜವಾಗಿ ಪರೀಕ್ಷಿಸುವುದು ಸಂಜೆಯ ಇಳಿತ. ಅರ್ಧದಲ್ಲಿ ಮರಳಿದವರನ್ನು ಸೋಮವಾರ ಕಚೇರಿಯಲ್ಲಿ ಗೇಲಿ ಮಾಡುವ ಪದ್ಧತಿಯೂ ನಿಲ್ಲಬೇಕು.

ಮಿತ್ರರು ರಾಜಗಡವನ್ನಿನ್ನೂ ಹತ್ತಿಲ್ಲ. ಈ ಚಳಿಗಾಲದಲ್ಲಿ ಗುಂಜವಣೆಯ ಕಡೆಯಿಂದ ಅದೊಂದನ್ನೇ ಹತ್ತೋಣವೆಂದಿದ್ದೇವೆ.