ಕಣ್ಣೀರು ಬೇಡ, ಪಿಂಚಣಿ ಕೊಡಿ

ಮುಪ್ಪಿನ ಬಗ್ಗೆ ಕನ್ನಡದಲ್ಲಿ ಒಂದು ಸಿದ್ಧ ಕಥೆಯಿದೆ. ಮಗ ಅಮೆರಿಕದಲ್ಲಿರುತ್ತಾನೆ. ಸೊಸೆಗೆ ಅತ್ತೆಯನ್ನು ಕಂಡರಾಗುವುದಿಲ್ಲ. ತಾಯಿ ವೃದ್ಧಾಶ್ರಮದ ಕಿಟಕಿಯ ಬಳಿ ಕೂತು ದಾರಿ ಕಾಯುತ್ತಾಳೆ. ಕೊನೆಗೆ ಫೋನು ಬರುತ್ತದೆ, ಎತ್ತಲು ಅವಳೇ ಇರುವುದಿಲ್ಲ. ಈ ಕಥೆಯನ್ನು ಕಥಾಸ್ಪರ್ಧೆಗಳಲ್ಲಿ ಓದಿದ್ದೇವೆ, ಧಾರಾವಾಹಿಗಳಲ್ಲಿ ನೋಡಿದ್ದೇವೆ, ವಾಟ್ಸಾಪಿನಲ್ಲಿ ಬೆಳಗಿನ ಹೂವಿನ ಚಿತ್ರದ ಜೊತೆ ಪಡೆದಿದ್ದೇವೆ. ಓದಿ, ಕಣ್ಣೊರೆಸಿಕೊಂಡು, ‘ಕಾಲ ಕೆಟ್ಟುಹೋಯಿತು’ ಎಂದು ಇನ್ನೊಬ್ಬರಿಗೆ ಕಳಿಸಿದ್ದೇವೆ.

ನನ್ನ ತಕರಾರು ಈ ಕಥೆಯ ಮೇಲೆ. ಇದು ಸುಳ್ಳು ಎಂದು ನಾನು ಹೇಳುತ್ತಿಲ್ಲ, ಅಂಥ ತಾಯಂದಿರು ಇದ್ದಾರೆ. ಆದರೆ ಇದು ಇಡೀ ಸಮಾಜ ಉತ್ತರ ಕೊಡಬೇಕಾದ ಪ್ರಶ್ನೆಯೊಂದನ್ನು ಮಕ್ಕಳ ಒಳ್ಳೆಯತನ, ಕೆಟ್ಟತನದ ಪ್ರಶ್ನೆಯನ್ನಾಗಿ ಮಾಡಿಟ್ಟಿದೆ. ಮನುಷ್ಯರ ಆಯಸ್ಸು ಉದ್ದವಾದಾಗ ಆ ಹೆಚ್ಚುವರಿ ವರ್ಷಗಳ ಊಟ, ಔಷಧಿ, ಆರೈಕೆಯ ಖರ್ಚನ್ನು ಯಾರು ಹೊರಬೇಕು? ಇದು ದುಡಿಮೆಯ ಪ್ರಶ್ನೆ, ಹಕ್ಕಿನ ಪ್ರಶ್ನೆ. ಇದಕ್ಕೆ ನಾವು ಕಣ್ಣೀರಿನಲ್ಲಿ ಉತ್ತರ ಕೊಡುತ್ತಾ ಬಂದಿದ್ದೇವೆ.

ಮೊದಲು ಲೆಕ್ಕ ನೋಡೋಣ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. ಹಾಗೆಂದರೆ ಆಗ ಎಲ್ಲರೂ ಮೂವತ್ತೆರಡಕ್ಕೆ ಸಾಯುತ್ತಿದ್ದರು ಎಂದಲ್ಲ. ಹುಟ್ಟಿದ ಮಕ್ಕಳಲ್ಲಿ ಬಹಳಷ್ಟು ಬಾಲ್ಯ ದಾಟುತ್ತಲೇ ಇರಲಿಲ್ಲ, ಅದು ಸರಾಸರಿಯನ್ನು ಕೆಳಕ್ಕೆಳೆಯುತ್ತಿತ್ತು. ಲಸಿಕೆ, ಶುದ್ಧ ನೀರು, ಹೆರಿಗೆ ಆಸ್ಪತ್ರೆ, ಪಡಿತರ ಬಂದ ಮೇಲೆ ಮಕ್ಕಳು ಉಳಿದರು. ಉಳಿದವರು ಈಗ ಮುದುಕರಾಗುತ್ತಿದ್ದಾರೆ. 2011ರ ಜನಗಣತಿಯ ಹೊತ್ತಿಗೇ ಅರವತ್ತು ದಾಟಿದವರು ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚಿದ್ದರು. ಇವತ್ತು ಅರವತ್ತು ಮುಟ್ಟಿದವರು ಸರಾಸರಿ ಇನ್ನೂ ಹದಿನೆಂಟು ವರ್ಷದಷ್ಟು ಬದುಕುತ್ತಾರೆ. ಈ ಆಯಸ್ಸನ್ನು ಗಳಿಸಿಕೊಟ್ಟಿದ್ದರಲ್ಲಿ ಸರ್ಕಾರಿ ಆಸ್ಪತ್ರೆ, ಸರ್ಕಾರಿ ಲಸಿಕೆ, ಸರ್ಕಾರಿ ಪಡಿತರದ ಪಾಲು ದೊಡ್ಡದು. ಗಳಿಸುವಾಗ ಅದು ಸಾರ್ವಜನಿಕ ಸಾಧನೆಯಾಗಿತ್ತು. ಸಾಕುವ ಹೊತ್ತು ಬಂದಾಗ ಮಾತ್ರ ಅದು ನಿಮ್ಮ ನಿಮ್ಮ ಮನೆಯ ವಿಷಯವಾಗಿಬಿಟ್ಟಿತು.

‘ಅರವತ್ತಕ್ಕೆ ಅರಳುಮರಳು’ ಎಂಬ ನಮ್ಮ ಗಾದೆಯಲ್ಲಿ ಒಂದು ಊಹೆಯಿದೆ. ಅರವತ್ತಾದ ಮೇಲೆ ಮನುಷ್ಯ ಕೂತಿರುತ್ತಾನೆ, ಬೇರೆಯವರು ದುಡಿದು ಹಾಕುತ್ತಾರೆ ಎಂಬ ಊಹೆ. ನಿವೃತ್ತಿ ಎಂಬ ಪದವೂ ಅದೇ ಊಹೆಯ ಮೇಲೆ ನಿಂತಿದೆ. ಆದರೆ ನಿವೃತ್ತಿ ಪುರಾತನವಾದದ್ದೇನಲ್ಲ. 1889ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾರ್ಮಿಕರಿಗೆ ವೃದ್ಧಾಪ್ಯ ಪಿಂಚಣಿ ತಂದಾಗ ಅದಕ್ಕಿಟ್ಟ ವಯಸ್ಸು 70. ಆ ವಯಸ್ಸು ಮುಟ್ಟುವ ಕಾರ್ಮಿಕರು ಆಗ ಕಡಿಮೆ. ನಮ್ಮಲ್ಲಿ ನಿವೃತ್ತಿ ಬಂದಿದ್ದು ಸರ್ಕಾರಿ ನೌಕರಿಯ ಮೂಲಕ, ಅದು ಬಹುಮಟ್ಟಿಗೆ ಅಲ್ಲೇ ಉಳಿಯಿತು. ಈ ದೇಶದ ದುಡಿಯುವವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಅಸಂಘಟಿತ ಕೆಲಸದಲ್ಲಿದ್ದಾರೆ. ಅವರಿಗೆ ಬೀಳ್ಕೊಡುಗೆ ಸಮಾರಂಭವಿಲ್ಲ, ಶಾಲು, ಹಾರ, ಹಣ್ಣಿನ ಬುಟ್ಟಿ ಇಲ್ಲ. ಅರವತ್ತು ದಾಟಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಇನ್ನೂ ದುಡಿಯುತ್ತಿದ್ದಾರೆ ಎನ್ನುತ್ತದೆ 2017-18ರಲ್ಲಿ ನಡೆದ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆ. ಕಳೆ ಕೀಳುವವರು, ಬೀಡಿ ಸುತ್ತುವವರು, ರಾತ್ರಿ ಕಾವಲಿಗೆ ನಿಲ್ಲುವವರು, ಸಂತೆಯಲ್ಲಿ ಸೊಪ್ಪಿನ ಕಟ್ಟು ಮುಂದಿಟ್ಟುಕೊಂಡು ಕೂತವರು. ಅವರು ಕೆಲಸ ಬಿಡುವುದಿಲ್ಲ. ಕೆಲಸವೇ ಅವರನ್ನು ಒಂದು ದಿನ ಬಿಡುತ್ತದೆ.

ಇದಕ್ಕೆ ಓದುಬರಹದ ವಲಯದಲ್ಲಿ ಒಂದು ಸಿದ್ಧ ಉತ್ತರವಿದೆ: ‘ದುಡಿಯುತ್ತಿದ್ದರೆ ಆರೋಗ್ಯವಾಗಿರುತ್ತಾರೆ ಬಿಡಿ.’ ಉದಾಹರಣೆಗಳೂ ಸಿದ್ಧ. ಜಿ. ವೆಂಕಟಸುಬ್ಬಯ್ಯನವರು 1973ರಲ್ಲಿ ಕಾಲೇಜಿನಿಂದ ನಿವೃತ್ತರಾದವರು, 2021ರಲ್ಲಿ ತೀರಿಕೊಳ್ಳುವಾಗ ಅವರಿಗೆ 107 ವರ್ಷ. ನಡುವಿನ ಆ ಅರ್ಧ ಶತಮಾನದಲ್ಲಿ ಅವರು ಮಾಡಿದ ನಿಘಂಟಿನ ಕೆಲಸವನ್ನು ನಾನು ವಾರಕ್ಕೆ ಎರಡು ಸಲವಾದರೂ ಕೈಗೆತ್ತಿಕೊಳ್ಳುತ್ತೇನೆ. ಶಿವರಾಮ ಕಾರಂತರು ತೊಂಬತ್ತು ದಾಟಿದ ಮೇಲೂ ಬರೆಯುತ್ತಿದ್ದರು. ಇವರ ಬಗ್ಗೆ ನನಗೂ ಬೆರಗಿದೆ. ಆದರೆ ಇವರನ್ನು ತೋರಿಸಿ ಗಾರೆ ಹೊರುವ ಅಜ್ಜಿಗೆ ‘ಚಟುವಟಿಕೆಯಿಂದಿರು’ ಎನ್ನುವುದು ಕ್ರೌರ್ಯ. ಪೆನ್ನು ಹಿಡಿದ ಕೈಗೂ ಪುಟ್ಟಿ ಹೊತ್ತ ತಲೆಗೂ ಒಂದೇ ಬಗೆಯಲ್ಲಿ ವಯಸ್ಸಾಗುವುದಿಲ್ಲ. ಬಯಸಿ ಮಾಡುವ ಕೆಲಸಕ್ಕೂ ಬಿಟ್ಟರೆ ಹೊಟ್ಟೆಗಿಲ್ಲ ಎಂದು ಮಾಡುವ ಕೆಲಸಕ್ಕೂ ವ್ಯತ್ಯಾಸವಿದೆ. ಎರಡನ್ನೂ ಕಾಯಕ ಎಂದು ಕರೆದು ನಮ್ಮ ಮನಸ್ಸನ್ನು ಹಗುರ ಮಾಡಿಕೊಳ್ಳಬಾರದು.

ಈ ವ್ಯತ್ಯಾಸವನ್ನು ಕರ್ನಾಟಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ತೋರಿಸಿಕೊಟ್ಟವರು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. 2016ರಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಕಾಗದದ ಮೇಲೆ ಇದು ದೂರದೃಷ್ಟಿಯ ಮಾತು: ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ಉಳಿತಾಯ ಮುಪ್ಪಿಗೆ ಇರಲಿ. ಆ ವರ್ಷದ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಕಾರ್ಮಿಕ ಮಹಿಳೆಯರು ಕಾರ್ಖಾನೆಗಳಿಂದ ಹೊರಬಂದು ಹೊಸೂರು ರಸ್ತೆಯನ್ನು ತುಂಬಿದರು. ಲಾಠಿ ಬಿತ್ತು, ಬಸ್ಸುಗಳಿಗೆ ಬೆಂಕಿ ಬಿತ್ತು, ಎರಡನೆಯ ದಿನ ಸರ್ಕಾರ ಆದೇಶವನ್ನು ಹಿಂತೆಗೆದುಕೊಂಡಿತು. ನಗರದ ಒಂದು ವರ್ಗಕ್ಕೆ ಉಳಿದ ನೆನಪು ಟ್ರಾಫಿಕ್ಕಿನದು ಮಾತ್ರ. ಆ ಹೆಣ್ಣುಮಕ್ಕಳು ಹೇಳಿದ್ದು ಸರಳವಾಗಿತ್ತು. ಹೊಲಿಗೆ ಯಂತ್ರದ ಮುಂದೆ ಐವತ್ತೆಂಟರವರೆಗೆ ಯಾರೂ ಕೂರಲಾರರು. ನಲವತ್ತರ ಆಚೀಚೆ ಕಣ್ಣು, ಬೆನ್ನು, ಕಾರ್ಖಾನೆಯ ಟಾರ್ಗೆಟ್ಟು ಸೇರಿ ಅವರನ್ನು ಹೊರದಬ್ಬುತ್ತವೆ. ದಿಲ್ಲಿ ಸರಾಸರಿ ಆಯಸ್ಸನ್ನು ನೋಡಿ ನಿಯಮ ಬರೆದಿತ್ತು, ಅವರು ತಮ್ಮ ಮೈಯನ್ನು ನೋಡಿ ಮಾತಾಡಿದರು. ಆಯಸ್ಸು ಹೆಚ್ಚಿದೆ, ಆದ್ದರಿಂದ ದುಡಿಯುವ ವಯಸ್ಸನ್ನೂ ಹೆಚ್ಚಿಸೋಣ ಎನ್ನುವ ಪ್ರತಿಯೊಬ್ಬ ಅರ್ಥಶಾಸ್ತ್ರಜ್ಞನೂ ಆ ಎರಡು ದಿನಗಳಿಗೆ ಮೊದಲು ಉತ್ತರ ಹೇಳಬೇಕು.

ಮುಪ್ಪಿನ ಭಾರದ ಇನ್ನೊಂದು ತುದಿಯಲ್ಲೂ ಹೆಂಗಸರೇ ಇದ್ದಾರೆ. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವವರು, ಮರೆವಿನವರ ಹಿಂದೆ ಹಿಂದೆ ಓಡಾಡುವವರು ಯಾರು? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಮನೆಯವರ ಆರೈಕೆಗೆ ಅವಳು ಕೊಡುವುದು 137 ನಿಮಿಷ, ಅವನು 75. ಸಿದ್ಧ ಕಥೆಯಲ್ಲಿ ಖಳನಾಯಕಿ ಯಾವಾಗಲೂ ಸೊಸೆಯೇ ಆಗುವುದು ಏಕೆ ಎಂದು ಇಲ್ಲಿ ಗೊತ್ತಾಗುತ್ತದೆ. ಅವಳು ಪುಕ್ಕಟೆ ದುಡಿಮೆ ನಿಲ್ಲಿಸಿದರೆ ಇಡೀ ಏರ್ಪಾಡು ಕುಸಿಯುತ್ತದೆ. ಆ ಭಯಕ್ಕೆ ನಾವು ‘ಸಂಸ್ಕಾರ’ ಎಂದು ಹೆಸರಿಟ್ಟಿದ್ದೇವೆ. ಹಣವಿದ್ದವರು ಹೋಂ ನರ್ಸ್ ಇಟ್ಟುಕೊಳ್ಳುತ್ತಾರೆ. ಹಳ್ಳಿಯಿಂದ ಬಂದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೇರೆಯವರ ತಾಯಿಯನ್ನು ನೋಡಿಕೊಳ್ಳುವ ಆ ಹೆಂಗಸಿನ ಸ್ವಂತ ತಾಯಿಯನ್ನು ಊರಿನಲ್ಲಿ ಯಾರು ನೋಡಿಕೊಳ್ಳುತ್ತಾರೆ? ಈ ಕಥೆಯನ್ನು ನಾವೇಕೆ ಅಷ್ಟು ಸಲ ಬರೆದಿಲ್ಲ?

ಹೀಗೆ ನೋಡಿಕೊಂಡವಳಿಗೆ ಕೊನೆಗೆ ಸಿಗುವುದೇನು? ಹೆಂಗಸರು ಸರಾಸರಿ ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತಾರೆ, ಮದುವೆಯಾಗುವುದೂ ತಮಗಿಂತ ದೊಡ್ಡವರನ್ನು. ಹಾಗಾಗಿ ಗಂಡನನ್ನು ಕೊನೆಯವರೆಗೆ ನೋಡಿಕೊಂಡವಳು ತನ್ನ ಕೊನೆಯ ವರ್ಷಗಳನ್ನು ಒಬ್ಬಳೇ ಕಳೆಯುವುದು ಹೆಚ್ಚು. ಜೀವಮಾನವಿಡೀ ದುಡಿದರೂ ಅವಳ ಹೆಸರಿನಲ್ಲಿ ಪಿಂಚಣಿ ಕಟ್ಟುವ ಕಚೇರಿ ಇರಲಿಲ್ಲ.

ಪ್ರಭುತ್ವ ಏನು ಮಾಡಿದೆ? 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಬಂತು. ಮಕ್ಕಳು ತಂದೆತಾಯಿಗೆ ಜೀವನಾಂಶ ಕೊಡಬೇಕು, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ವಾಪಸು ಪಡೆಯಬಹುದು ಎಂದಿತು. ಒಳ್ಳೆಯದೇ. ಆದರೆ ಬರೆದುಕೊಡಲು ಆಸ್ತಿಯೇ ಇಲ್ಲದವರಿಗೆ, ಮಗನೂ ಕೂಲಿಯವನೇ ಆಗಿರುವವರಿಗೆ ಅದರಿಂದ ಏನು ಬಂತು? ಅದೇ ವರ್ಷ ಇಂದಿರಾ ಗಾಂಧಿಯವರ ಹೆಸರಿಟ್ಟುಕೊಂಡ ವೃದ್ಧಾಪ್ಯ ಪಿಂಚಣಿಯಲ್ಲಿ ಎಂಬತ್ತರೊಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಆಗಲೂ 200, ಈಗಲೂ 200. ಇದೇ ಕೇಂದ್ರ ಸರ್ಕಾರ ತನ್ನ ನಿವೃತ್ತ ನೌಕರರಿಗೆ ಬೆಲೆಯೇರಿಕೆ ನೋಡಿ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಪರಿಷ್ಕರಿಸುತ್ತದೆ. ಅಂದರೆ ಬೆಲೆ ಏರುತ್ತದೆ ಎಂಬುದು ಅದಕ್ಕೆ ಗೊತ್ತು. ಕರ್ನಾಟಕದ ಸಂಧ್ಯಾ ಸುರಕ್ಷೆ ಇದಕ್ಕಿಂತ ವಾಸಿ, ತಿಂಗಳಿಗೆ 1200 ರೂಪಾಯಿ. ದಿನಕ್ಕೆ 40. ಎರಡು ಹೊತ್ತಿನ ಊಟಕ್ಕೂ ಸಾಲದು, ಸಕ್ಕರೆ ಕಾಯಿಲೆಯ ಮಾತ್ರೆಯಂತೂ ದೂರ.

ಇಲ್ಲಿ ನನ್ನ ವಯಸ್ಸಿನವರಲ್ಲಿ ಕೇಳಿಬರುವ ಒಂದು ಗೊಣಗಾಟಕ್ಕೂ ಉತ್ತರ ಹೇಳಬೇಕು. ‘ಮುದುಕರು ಕುರ್ಚಿ ಬಿಡುವುದಿಲ್ಲ, ಅದಕ್ಕೇ ನಮಗೆ ಕೆಲಸವಿಲ್ಲ.’ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಇದನ್ನು ದಿನಾ ಕೇಳುತ್ತೇನೆ. ನಿಜ ಬೇರೆಯೇ ಇದೆ. ಪ್ರಾಧ್ಯಾಪಕರು ನಿವೃತ್ತರಾಗುತ್ತಲೇ ಇದ್ದಾರೆ. ಅವರು ಬಿಟ್ಟ ಹುದ್ದೆಗಳನ್ನು ತುಂಬದೆ, ಆ ಪಾಠಗಳನ್ನು ಅತಿಥಿ ಉಪನ್ಯಾಸಕರಿಂದ ಮಾಡಿಸಲಾಗುತ್ತಿದೆ. ನಮ್ಮ ಕೆಲಸವನ್ನು ಕಸಿದದ್ದು ಹುದ್ದೆಗಳನ್ನು ಖಾಲಿ ಇಡುವ ನೀತಿ. ಅದೇ ನೀತಿ ನಮ್ಮ ಮುಪ್ಪನ್ನೂ ಈಗಲೇ ಕಸಿಯುತ್ತಿದೆ. ರಾಜ್ಯದಲ್ಲಿ 2006ರ ಏಪ್ರಿಲ್ ನಂತರ ನೇಮಕವಾದವರಿಗೆ ಹಳೆಯ ಖಚಿತ ಪಿಂಚಣಿ ಇಲ್ಲ, ವಂತಿಗೆ ಆಧಾರಿತ ಪಿಂಚಣಿ ಮಾತ್ರ. ಅದರಲ್ಲಿ ಎಷ್ಟು ವರ್ಷ ಕಟ್ಟುತ್ತೀರಿ ಎಂಬುದೇ ಮುಖ್ಯ. ಮೂವತ್ತಕ್ಕೆ ಪಿಎಚ್‌ಡಿ ಮುಗಿಸಿ, ನಲವತ್ತರವರೆಗೆ ಅತಿಥಿಯಾಗಿ ದುಡಿದು, ಆಮೇಲೆ ಹುದ್ದೆ ಸಿಕ್ಕರೂ ಕಟ್ಟುವುದಕ್ಕೆ ಉಳಿಯುವುದು ಇಪ್ಪತ್ತು ವರ್ಷ. ಅದರ ಮೇಲೆ ಇನ್ನೂ ಇಪ್ಪತ್ತು ವರ್ಷ ಬದುಕಬೇಕು. ಹುದ್ದೆಯೇ ಸಿಗದವರ ಲೆಕ್ಕ ಇನ್ನೂ ಸುಲಭ, ಅಲ್ಲಿ ಕೂಡಿಸುವುದಕ್ಕೆ ಏನೂ ಇಲ್ಲ. ಮುದುಕರ ಪಿಂಚಣಿಯ ಪ್ರಶ್ನೆ ಯುವಕರ ಪ್ರಶ್ನೆಯಲ್ಲ ಎಂದುಕೊಂಡವರು ತಮ್ಮ ವಯಸ್ಸನ್ನು ಒಮ್ಮೆ ಮೂವತ್ತೈದರಿಂದ ಕೂಡಿಸಿ ನೋಡಲಿ.

ಹಣ ಎಲ್ಲಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಣ ಈಗಲೂ ಖರ್ಚಾಗುತ್ತಲೇ ಇದೆ. ಅದು ಬಜೆಟ್ಟಿನಲ್ಲಿ ಕಾಣುತ್ತಿಲ್ಲ, ಅಷ್ಟೆ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಸೊಸೆಯ ಸಂಬಳದಲ್ಲಿ, ಓದು ನಿಲ್ಲಿಸಿದ ಮೊಮ್ಮಗಳ ಶುಲ್ಕದಲ್ಲಿ, ಎಪ್ಪತ್ತರ ಕಾವಲುಗಾರನ ನಿದ್ದೆಯಲ್ಲಿ ಅದು ಪಾವತಿಯಾಗುತ್ತಿದೆ. ಕೊಡುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವರು ಕೊಡುತ್ತಿದ್ದಾರೆ. ಅದನ್ನು ತೆರಿಗೆಯ ಮೂಲಕ ಎಲ್ಲರಿಗೂ ಹಂಚಿ ಎಂಬುದಷ್ಟೇ ಬೇಡಿಕೆ. ಪಿಂಚಣಿ ಕೊಟ್ಟರೆ ಕುಟುಂಬ ಒಡೆಯುತ್ತದೆ ಎನ್ನುವವರೂ ಇದ್ದಾರೆ. ತಿಂಗಳಿಗೆ ತನ್ನದೇ ಹಣ ಬರುವ ಅಜ್ಜಿ ಮನೆಯಲ್ಲಿ ಹೊರೆಯಾಗುವುದಿಲ್ಲ. ಮೊಮ್ಮಗುವಿಗೆ ಬಿಸ್ಕತ್ತಿನ ಪೊಟ್ಟಣ ತಂದುಕೊಡುವ ಸಣ್ಣ ಅಧಿಕಾರ ಅವಳ ಕೈಯಲ್ಲಿರುತ್ತದೆ. ಪ್ರೀತಿಗೆ ಇದಕ್ಕಿಂತ ಒಳ್ಳೆಯ ನೆಲೆ ಬೇಕೆ?

2012ರಲ್ಲಿ ದೇಶದ ಮೂಲೆಮೂಲೆಗಳ ವೃದ್ಧರು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತಿದ್ದರು. ಅರುಣಾ ರಾಯ್ ಅವರ ಜೊತೆ ಮುಂಚೂಣಿಯಲ್ಲಿದ್ದವರು ಪುಣೆಯ ಹಮಾಲರನ್ನು ಸಂಘಟಿಸಿದ ಬಾಬಾ ಆಢಾವ್, ಆಗ ಎಂಬತ್ತು ದಾಟಿದ್ದವರು. ಅವರು ಕೇಳಿದ್ದು ಎಲ್ಲರಿಗೂ ಪಿಂಚಣಿ, ಕನಿಷ್ಠ ವೇತನದ ಅರ್ಧದಷ್ಟು ಮೊತ್ತ, ಬೆಲೆಯ ಜೊತೆ ಅದರ ಏರಿಕೆ. ಅವರು ಅಲ್ಲಿ ಮಕ್ಕಳ ಮೇಲೆ ದೂರು ಹೇಳಲಿಲ್ಲ, ಕಣ್ಣೀರನ್ನೂ ಕೇಳಲಿಲ್ಲ. ಬದುಕಿಡೀ ದುಡಿದ ಲೆಕ್ಕ ಕೇಳಿದರು. ಆ ಬೇಡಿಕೆ ಇವತ್ತಿಗೂ ಹಾಗೇ ಬಾಕಿ ಇದೆ. ಸಾಹಿತ್ಯ ಓದುವವರು, ಬರೆಯುವವರು ಅದಕ್ಕೆ ದನಿಗೂಡಿಸದೆ ಇನ್ನೊಂದು ವೃದ್ಧಾಶ್ರಮದ ಕಥೆಗೆ ಬಹುಮಾನ ಕೊಡುತ್ತಾ ಕೂತರೆ, ತಿಂಗಳಿಗೆ 200 ರೂಪಾಯಿಯ ಆ ಆದೇಶಕ್ಕೆ ನಾವೂ ಸಹಿ ಹಾಕಿದಂತೆಯೇ.