ಬೇಕು, ಬಹುದು, ಬಾರದು: ಮೋಡಲ್‌ಗಳನ್ನು ಕನ್ನಡದಿಂದಲೇ ಕಲಿಯೋಣ

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತು ಅಂದ್ರೆ ಹಾಸ್ಟೆಲ್ ರೂಮುಗಳಲ್ಲಿ ಆಪ್ಟಿಟ್ಯೂಡ್ ಪುಸ್ತಕಗಳು ಧೂಳು ಕೊಡವಿಕೊಂಡು ಹೊರಗೆ ಬರುತ್ತವೆ. ಅದರ ವರ್ಬಲ್ ಭಾಗದಲ್ಲಿ ಮೋಡಲ್ ಆಕ್ಸಿಲಿಯರಿ ವರ್ಬ್ಸ್ ಅನ್ನೋ ಒಂದು ಅಧ್ಯಾಯ ಇದ್ದೇ ಇರುತ್ತೆ. ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಬಿಟ್ಟ ಸ್ಥಳ ತುಂಬು, ಹಿಂದಿನ ಪುಟದಲ್ಲಿ ಉತ್ತರ ನೋಡು, ಮುಂದಕ್ಕೆ ಹೋಗು. ಈ ಒಂಬತ್ತು ಪದಗಳ ಜೊತೆ ನಮ್ಮ ಕ್ಯಾಂಪಸ್‌ನಲ್ಲಿ ಬಹುತೇಕರ ಒಡನಾಟ ಇಷ್ಟೇ.

ಇದು ಸಾಲದು ಅನ್ನೋದು ನಮ್ಮ ವಾದ. ಅದಕ್ಕೆ ಎರಡು ಕಾರಣಗಳಿವೆ. ಒಂದು, ಈ ಪದಗಳು ಪರೀಕ್ಷೆಯ ವ್ಯಾಕರಣವಷ್ಟೇ ಅಲ್ಲ, ನೇರವಾಗಿ ನಮ್ಮ ಎಂಜಿನಿಯರಿಂಗ್‌ಗೇ ಸೇರಿದವು. ಎರಡು, ಕನ್ನಡ ಬಲ್ಲವರು ಇವನ್ನು ಸೊನ್ನೆಯಿಂದ ಕಲಿಯಬೇಕಾಗಿಲ್ಲ. ಅರ್ಧಕ್ಕಿಂತ ಹೆಚ್ಚು ದಾರಿ ನಮ್ಮ ಮಾತಿನಲ್ಲೇ ಇದೆ.

ಮೊದಲನೆಯದನ್ನು ನೋಡೋಣ. ಸಿವಿಲ್‌ನವರ ಕೈಯಲ್ಲಿ ಸದಾ ಇರುವ ಐಎಸ್ 456:2000 ತೆಗೆಯಿರಿ. ಕಾಲಂನ ಉದ್ದ ಸರಳುಗಳ ಮೇಲೆ ಕಾಂಕ್ರೀಟ್ ಕವರ್ ಎಷ್ಟಿರಬೇಕು ಅಂತ ಅದು ಹೇಳುತ್ತೆ. ಕವರ್ 40 ಮಿ.ಮೀ.ಗಿಂತಲೂ ಸರಳಿನ ವ್ಯಾಸಕ್ಕಿಂತಲೂ ಕಡಿಮೆ ಆಗಕೂಡದು. ಅಲ್ಲಿ ಬಳಸಿರುವ ಪದ ಶಲ್. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತೆ: ಕಾಲಂನ ಕನಿಷ್ಠ ಅಳತೆ 200 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದು, ಸರಳುಗಳು 12 ಮಿ.ಮೀ. ಮೀರದಿದ್ದರೆ 25 ಮಿ.ಮೀ. ಕವರ್ ಕೊಡಬಹುದು. ಅಲ್ಲಿರುವ ಪದ ಮೇ. ಒಂದು ಕಟ್ಟಳೆ, ಇನ್ನೊಂದು ಅನುಮತಿ, ಎರಡೂ ಅಕ್ಕಪಕ್ಕದಲ್ಲೇ ಇವೆ. ಕಟ್ಟಳೆಯನ್ನು ಅನುಮತಿ ಅಂತ ಓದಿಕೊಂಡವರ ಕಾಲಂನಲ್ಲಿ ತೇವ ಬೇಗ ಸರಳು ಮುಟ್ಟುತ್ತೆ, ಸರಳು ತುಕ್ಕು ಹಿಡಿದು ಉಬ್ಬುತ್ತೆ, ಕಾಂಕ್ರೀಟ್ ಬಿರುಕು ಬಿಡುತ್ತೆ.

ಕಂಪ್ಯೂಟರ್ ಸೈನ್ಸ್‌ನವರಿಗೂ ಇದರಿಂದ ಬಿಡುಗಡೆ ಇಲ್ಲ. ಇಂಟರ್ನೆಟ್ ನಡೆಯೋದೇ ಆರ್‌ಎಫ್‌ಸಿ ಅನ್ನೋ ದಾಖಲೆಗಳ ಮೇಲೆ. ಅವುಗಳಲ್ಲಿ ಮೋಡಲ್‌ಗಳ ಅರ್ಥ ಏನು ಅಂತ ಹೇಳೋದಕ್ಕೇ ಒಂದು ದಾಖಲೆ ಇದೆ: 1997ರ ಮಾರ್ಚ್‌ನಲ್ಲಿ ಸ್ಕಾಟ್ ಬ್ರಾಡ್ನರ್ ಬರೆದ ಆರ್‌ಎಫ್‌ಸಿ 2119. ಅದರ ಪ್ರಕಾರ ಮಸ್ಟ್ ಅಂದರೆ ಮಾಡಲೇಬೇಕು. ಶುಡ್ ಅಂದರೆ ಮಾಡಬೇಕು, ಬಿಡೋದಕ್ಕೆ ಸರಿಯಾದ ಕಾರಣ ಇರಬಹುದು, ಆದರೆ ಬಿಟ್ಟರೆ ಏನಾಗುತ್ತೆ ಅಂತ ಪೂರ್ತಿ ತೂಗಿ ನೋಡಿ ಬಿಡಬೇಕು. ಮೇ ಅಂದರೆ ನಿಮ್ಮಿಷ್ಟ. ಉದಾಹರಣೆಗೆ, ಎಚ್‌ಟಿಟಿಪಿ 1.1ರಲ್ಲಿ ರಿಕ್ವೆಸ್ಟ್ ಕಳಿಸುವಾಗ ಹೋಸ್ಟ್ ಹೆಡರ್ ಇರಲೇಬೇಕು. ಇಲ್ಲದಿದ್ದರೆ ಸರ್ವರ್ 400 ಅನ್ನೋ ಎರರ್ ಕೊಡಲೇಬೇಕು. ಎರಡೂ ಕಡೆ ಇರುವುದು ಮಸ್ಟ್. ಈ ವಿಶೇಷ ಅರ್ಥ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆದಾಗ ಮಾತ್ರ ಅಂತ 2017ರಲ್ಲಿ ಆರ್‌ಎಫ್‌ಸಿ 8174 ಇನ್ನಷ್ಟು ಬಿಗಿ ಮಾಡಿತು.

ಇನ್ನೊಂದು ಸೂಕ್ಷ್ಮ ಇದೆ. ಆರ್‌ಎಫ್‌ಸಿ 2119 ಶಲ್ ಮತ್ತು ಮಸ್ಟ್ ಎರಡನ್ನೂ ಒಂದೇ ಅಂತ ನೋಡುತ್ತೆ. ಐಎಸ್‌ಒದವರ ಬರವಣಿಗೆಯ ನಿಯಮ ಹಾಗಲ್ಲ. ಕಟ್ಟಳೆಗೆ ಶಲ್, ಶಿಫಾರಸಿಗೆ ಶುಡ್, ಅನುಮತಿಗೆ ಮೇ, ಸಾಧ್ಯತೆಗೆ ಕ್ಯಾನ್ ಅಂತ ಹಂಚಿಟ್ಟು, ಶಲ್ ಜಾಗದಲ್ಲಿ ಮಸ್ಟ್ ಹಾಕಬೇಡಿ ಅನ್ನುತ್ತೆ. ಅಂದರೆ ಯಾವ ದಾಖಲೆ ಓದುತ್ತಿದ್ದೇವೆ ಅನ್ನೋದೂ ಗೊತ್ತಿರಬೇಕು. ಇದನ್ನೆಲ್ಲ ಬಿಟ್ಟ ಸ್ಥಳ ತುಂಬಿ ಕಲಿಯೋಕೆ ಆಗಲ್ಲ.

ಈಗ ಎರಡನೆಯ ಮಾತು. ಇಂಗ್ಲಿಷ್ ಮೋಡಲ್‌ಗಳಲ್ಲಿ ಹೆಚ್ಚು ಜನ ಎಡವುವ ಜಾಗ ಮಸ್ಟ್ ನಾಟ್ ಮತ್ತು ನೀಡ್ ನಾಟ್. ಕನ್ನಡದಲ್ಲಿ ಇದು ಕಷ್ಟವೇ ಅಲ್ಲ. 'ಮಾಡಕೂಡದು' ಬೇರೆ, 'ಮಾಡಬೇಕಾಗಿಲ್ಲ' ಬೇರೆ ಅಂತ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಡಿಸಿ ಶಂಟ್ ಮೋಟರ್ ಓಡುತ್ತಿರುವಾಗ ಫೀಲ್ಡ್ ಸರ್ಕ್ಯೂಟ್ ತೆರೆಯಕೂಡದು. ತೆರೆದರೆ, ಅದರಲ್ಲೂ ಲೋಡ್ ಕಡಿಮೆ ಇದ್ದಾಗ, ವೇಗ ಅಪಾಯದ ಮಟ್ಟಕ್ಕೆ ಏರುತ್ತೆ. ಈ ಎಚ್ಚರಿಕೆಯನ್ನು ಲ್ಯಾಬ್ ರೆಕಾರ್ಡಿನಲ್ಲಿ ನೀಡ್ ನಾಟ್ ಅಂತ ಬರೆದರೆ ಅದು ಎಚ್ಚರಿಕೆಯಾಗಿ ಉಳಿಯೋದಿಲ್ಲ, 'ತೆರೆಯೋ ಅಗತ್ಯ ಇಲ್ಲ' ಅನ್ನೋ ಸಲಹೆ ಆಗಿಬಿಡುತ್ತೆ.

ಇದಕ್ಕಿಂತ ಚೆಂದದ ಉದಾಹರಣೆ ಆದದ್ದರ ಬಗ್ಗೆ ಮಾತಾಡುವಾಗ ಸಿಗುತ್ತೆ. ಮಸ್ಟ್ ಹ್ಯಾವ್, ಶುಡ್ ಹ್ಯಾವ್, ಹ್ಯಾಡ್ ಟು, ಮೇ ಹ್ಯಾವ್, ಕುಡ್ ಹ್ಯಾವ್. ಈ ಐದನ್ನು ಕಂಡರೆ ಅನೇಕರಿಗೆ ತಲೆಬಿಸಿ. ಆದರೆ ಇವನ್ನು ಓದಿ:

ಅವನು ಬಂದಿರಬೇಕು. ಹಿ ಮಸ್ಟ್ ಹ್ಯಾವ್ ಕಮ್.
ಅವನು ಬರಬೇಕಿತ್ತು. ಹಿ ಶುಡ್ ಹ್ಯಾವ್ ಕಮ್.
ಅವನು ಬರಬೇಕಾಯ್ತು. ಹಿ ಹ್ಯಾಡ್ ಟು ಕಮ್.
ಅವನು ಬಂದಿರಬಹುದು. ಹಿ ಮೇ ಹ್ಯಾವ್ ಕಮ್.
ಅವನು ಬರಬಹುದಿತ್ತು. ಹಿ ಕುಡ್ ಹ್ಯಾವ್ ಕಮ್.

ಮೊದಲನೆಯದು ಸುಳಿವು ನೋಡಿ ಮಾಡಿದ ಊಹೆ. ಎರಡನೆಯದರಲ್ಲಿ ಅವನು ಬರಲಿಲ್ಲ, ಅದಕ್ಕೆ ಬೇಸರ ಇದೆ. ಮೂರನೆಯದರಲ್ಲಿ ಬೇರೆ ದಾರಿ ಇಲ್ಲದೆ ಬಂದ. ನಾಲ್ಕನೆಯದರಲ್ಲಿ ಖಚಿತ ಇಲ್ಲ. ಐದನೆಯದರಲ್ಲಿ ಅವಕಾಶ ಇತ್ತು, ಬರಲಿಲ್ಲ. ಈ ಐದರ ವ್ಯತ್ಯಾಸ ಕನ್ನಡದಲ್ಲಿ ಯಾರೂ ನಮಗೆ ಕಲಿಸಿದ್ದಲ್ಲ, ಮನೆಯಲ್ಲೇ ಬಂದದ್ದು. ಇಂಗ್ಲಿಷ್‌ನಲ್ಲಿ ಕಲಿಯಬೇಕಿರೋದು ಆ ಅರ್ಥಕ್ಕೆ ತೊಡಿಸುವ ಬಟ್ಟೆಯನ್ನು ಮಾತ್ರ. ಸರ್ವರ್ ಯಾಕೆ ನಿಂತಿತು ಅಂತ ವರದಿ ಬರೆಯುವಾಗ 'ಮೆಮೊರಿ ತುಂಬಿರಬೇಕು' ಅಂತೀರೋ 'ತುಂಬಿರಬಹುದು' ಅಂತೀರೋ ಅನ್ನೋದನ್ನು ಮೊದಲು ಕನ್ನಡದಲ್ಲಿ ತೀರ್ಮಾನಿಸಿ. ಲಾಗ್‌ನಲ್ಲಿ ಸುಳಿವು ಸಿಕ್ಕಿದ್ದರೆ ಮಸ್ಟ್ ಹ್ಯಾವ್, ಇಲ್ಲದಿದ್ದರೆ ಮೇ ಹ್ಯಾವ್.

ಹಾಗಂತ ಕನ್ನಡ ಎಲ್ಲ ಕಡೆ ಕೈ ಹಿಡಿಯುತ್ತೆ ಅಂತ ನಾವು ಹೇಳುತ್ತಿಲ್ಲ. ಕೈ ಬಿಡುವ ಜಾಗಗಳೂ ಇವೆ. ರಜಾ ಅರ್ಜಿಯಲ್ಲಿ 'ಎರಡು ದಿನ ರಜೆ ನೀಡಬೇಕಾಗಿ ವಿನಂತಿ' ಅಂತ ಬರೆಯುತ್ತೇವೆ. ಕನ್ನಡದಲ್ಲಿ ಅದು ವಿನಯ. ಅದೇ ಬೇಕು ಇಂಗ್ಲಿಷ್‌ಗೆ ಹೋಗಿ 'ಯೂ ಮಸ್ಟ್ ಗಿವ್ ಮಿ ಲೀವ್' ಆದರೆ ಎಚ್‌ಒಡಿಗೆ ಆರ್ಡರ್ ಹಾಕಿದಂತೆ. ನಮಗೆ ಗೌರವ ತೋರಿಸೋಕೆ ನೀವು ಇದೆ, 'ನೋಡ್ತೀರಾ ಸರ್' ಅನ್ನೋದಿದೆ. ಇಂಗ್ಲಿಷ್‌ನಲ್ಲಿ ನೀನು, ನೀವು ಎರಡಕ್ಕೂ ಯೂ ಒಂದೇ. ಹಾಗಾಗಿ ಆ ಗೌರವದ ಭಾರದಲ್ಲಿ ಒಂದಷ್ಟನ್ನು ಕುಡ್ ಮತ್ತು ವುಡ್ ಹೊರುತ್ತವೆ. 'ಕುಡ್ ಯೂ ಪ್ಲೀಸ್ ಸೈನ್ ದಿಸ್' ಅನ್ನೋ ವಾಕ್ಯದಲ್ಲಿ ಕುಡ್ ಭೂತಕಾಲ ಅಲ್ಲ, ಬಹುವಚನದ ಮರ್ಯಾದೆ.

ವುಡ್ ಕೆಲವರ ಮೇಲ್‌ಗಳಲ್ಲಿ ಬೇಡದ ಕಡೆಯೂ ನುಗ್ಗಿದೆ. 'ಐ ವುಡ್ ಸಬ್ಮಿಟ್ ದ ರಿಪೋರ್ಟ್ ಟುಮಾರೊ' ಅಂದರೆ ಓದುವವರು ಅದರ ಹಿಂದೆ ಒಂದು 'ಆದರೆ' ಹುಡುಕುತ್ತಾರೆ. ಕೊಡುವುದು ಖಚಿತ ಇದ್ದರೆ ವಿಲ್ ಸಾಕು.

ಬಹುದು ಪದದಲ್ಲೂ ಜಾಗ್ರತೆ ಬೇಕು. ಈಗಿನ ಆಡುಮಾತಿನಲ್ಲಿ ಅನುಮತಿ, ಸಂಭವ, ಸಾಮರ್ಥ್ಯ ಮೂರಕ್ಕೂ ಬಹುದು ನಡೆಯುತ್ತೆ. ಸಾಮರ್ಥ್ಯಕ್ಕೆ ನಮ್ಮಲ್ಲಿದ್ದ ಬಲ್ಲ ಮಾತಿನಿಂದ ಹಿಂದೆ ಸರಿದಿದೆ. 'ಈ ಬೀಮ್ 5 ಟನ್ ತಾಳಬಲ್ಲದು' ಅನ್ನೋದು ಕ್ಯಾನ್. 'ತಾಳಬಹುದು' ಅಂದಾಗ ಅದು ಮೇ ಆಗಿ, ಬೀಮ್ ಕೆಳಗೆ ನಿಂತವನಿಗೆ ಅನುಮಾನ ಶುರುವಾಗುತ್ತೆ. ಬಲ್ಲ ಅನ್ನೋ ಪದವನ್ನು ಮತ್ತೆ ಬಳಕೆಗೆ ತಂದರೆ ನಮ್ಮ ಕನ್ನಡಕ್ಕೂ ಲಾಭ, ಇಂಗ್ಲಿಷ್‌ಗೂ ಲಾಭ.

ಕೊನೆಯದಾಗಿ 'ಕ್ಯಾನ್ ಏಬಲ್ ಟು' ವಿಷಯ. ಕ್ಯಾನ್ ಒಳಗೇ ಏಬಲ್ ಟು ಇದೆ, ಎರಡೂ ಸೇರಿದರೆ 'ಮಾಡಬಲ್ಲೆ ಬಲ್ಲೆ' ಅಂದಂತೆ. ತಪ್ಪು ಹೌದು, ತಿದ್ದಿಕೊಳ್ಳಲೂ ಬೇಕು. ಆದರೆ ಸೆಮಿನಾರಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಗೆಳೆಯನೊಬ್ಬ ಹಾಗೆ ಅಂದ ಕೂಡಲೇ ಹಿಂದಿನ ಬೆಂಚಿನಿಂದ ಬರುವ ನಗು ನಮಗೆ ಒಪ್ಪಿಗೆ ಇಲ್ಲ. ಅವನ ಮಾತು ಯಾರಿಗೂ ಅರ್ಥವಾಗದೆ ಉಳಿದಿಲ್ಲ, ಅದರಿಂದ ಯಾವ ಕಾಲಮ್ಮೂ ಬಿರುಕು ಬಿಡಲ್ಲ. ನಿರರ್ಗಳವಾಗಿ ಇಂಗ್ಲಿಷ್ ಮಾತಾಡುತ್ತಲೇ ಶಲ್ ಅನ್ನು ಮೇ ಅಂತ ಓದಿಕೊಳ್ಳುವವರ ಬಗ್ಗೆ ಯಾರೂ ನಗೋದಿಲ್ಲ. ಯಾವ ತಪ್ಪು ದೊಡ್ಡದು ಅನ್ನೋ ನಮ್ಮ ಲೆಕ್ಕವೇ ತಿರುಗಮುರುಗ ಆಗಿದೆ.

ಹಾಗಾಗಿ ನಮ್ಮ ಬೇಡಿಕೆ ಎರಡೇ. ಮೊದಲ ವರ್ಷದ ಇಂಗ್ಲಿಷ್ ತರಗತಿಯಲ್ಲಿ ಮೋಡಲ್ ಪಾಠಕ್ಕೆ ಆಪ್ಟಿಟ್ಯೂಡ್ ಪುಸ್ತಕದ ಬದಲು ಒಂದು ಐಎಸ್ ಕೋಡ್ ಮತ್ತು ಒಂದು ಆರ್‌ಎಫ್‌ಸಿಯ ಪುಟ ತರಲಿ. ಆ ಪಾಠದಲ್ಲಿ ಬೇಕು, ಬಹುದು, ಬಾರದುಗಳನ್ನು ಬೋರ್ಡಿನ ಮೇಲೆ ಬರೆಯೋಕೆ ಮೇಷ್ಟ್ರುಗಳು, ಮೇಡಂಗಳು ಹಿಂಜರಿಯದಿರಲಿ. ಅಲ್ಲಿಯವರೆಗೆ ನಾವೇ ಶುರು ಮಾಡಬಹುದು. ಮುಂದಿನ ಸಲ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಶುಡ್ ಅಂತ ಟೈಪ್ ಮಾಡುವ ಮುಂಚೆ ಒಂದು ಕ್ಷಣ ನಿಂತು ಕೇಳಿಕೊಳ್ಳಿ: ನೀವು ಹೇಳಬೇಕೆಂದಿರೋದು 'ಮಾಡಬೇಕು' ಅಂತಲೋ, 'ಮಾಡಲೇಬೇಕು' ಅಂತಲೋ, 'ಮಾಡಿದರೆ ಒಳ್ಳೇದು' ಅಂತಲೋ?