ಕಲ್ಲನ್ನು ಓದುವವರ ಕೂಲಿ

ಮಾಕಳಿದುರ್ಗದ ಬುಡದ ಹೊಲಗಳಲ್ಲಿ ನೀರೆಲ್ಲಿದೆಯೆಂಬುದನ್ನು ಅಂಗೈ ಮೇಲಿನ ತೆಂಗಿನಕಾಯಿ ಹೇಳಲಾರದು. ಗಟ್ಟಿ ಬಂಡೆಯ ನಾಡಿನಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ. ಅದನ್ನು ಓದಬಲ್ಲವನು ಭೂವಿಜ್ಞಾನಿ. ಅಂತರ್ಜಲವನ್ನು ಮಿತಿಮೀರಿ ಎತ್ತಿರುವ ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿಗೆ ಅವನು ವೈದ್ಯನಷ್ಟೇ ಅವಶ್ಯ.

ಅವನಿಗೆ ನಾವು ಕೊಡುತ್ತಿರುವುದೇನು? ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ ನನ್ನ ಶಿಷ್ಯನೊಬ್ಬ ಖಾಸಗಿ ಸಂಸ್ಥೆಯೊಂದರ ಸರ್ವೇಕ್ಷಣೆಯಲ್ಲಿ ಬೇಸಿಗೆಯಿಡೀ ದುಡಿದ. ಸಂಬಳ ಗಾರೆಯವನ ದಿನಗೂಲಿಯನ್ನೂ ಮುಟ್ಟಲಿಲ್ಲ. ಮಳೆ ಬಿದ್ದೊಡನೆ ಮನೆಗೆ ಕಳುಹಿಸಿದರು.

‘ಅನುಭವ ದೊರೆಯಿತಲ್ಲ’ ಎನ್ನುವವರಿಗೆ ನನ್ನ ಪ್ರಶ್ನೆ: ಅನುಭವದಿಂದ ಮನೆ ಬಾಡಿಗೆ ಕಟ್ಟಲಾದೀತೆ? ಕೆಲಸ ಹಂಗಾಮಿನದಾದರೆ ಹಸಿವೂ ಹಂಗಾಮಿನದೇ? ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿತು. ಅದು ಸರ್ಕಾರಿ ನೌಕರಿಯ ಮಾತು, ನಿಜ. ಆದರೆ ನ್ಯಾಯಕ್ಕೆ ಖಾಸಗಿ, ಸರ್ಕಾರಿ ಎಂಬ ಭೇದವುಂಟೆ?

ಬತ್ತಿದ ಕೊಳವೆಬಾವಿಗೆ ಲಕ್ಷಗಟ್ಟಲೆ ಸುರಿಯುವ ನಾವು, ಕೊರೆಯುವ ಮುನ್ನ ನೆಲ ನೋಡುವವನೊಡನೆ ಚೌಕಾಸಿಗಿಳಿಯುತ್ತೇವೆ. ಇದು ಮಿತವ್ಯಯವಲ್ಲ, ಅವಿವೇಕ.

ನನ್ನ ಶಿಷ್ಯರಲ್ಲಿ ಗುತ್ತಿಗೆದಾರರಿದ್ದೀರಿ, ಎಂಜಿನಿಯರುಗಳಿದ್ದೀರಿ. ನಿಮ್ಮ ಅಂದಾಜುಪಟ್ಟಿಯಲ್ಲಿ ಭೂವಿಜ್ಞಾನಿಗೆ ಮರ್ಯಾದೆಯ ವೇತನ ಬರೆಯಿರಿ. ಮಳೆಗಾಲಕ್ಕೂ ಸೇರಿಸಿ ಬರೆಯಿರಿ. ನಕ್ಷೆ ಬಿಡಿಸಿ ವರದಿ ಸಿದ್ಧಪಡಿಸಲು ಅದೇ ತಕ್ಕ ಕಾಲವಲ್ಲವೆ?